ಆ ಕೋಟು ಅಷ್ಟು ಬೆಲೆ ಬಾಳುತ್ತದೆಯೇ?





ಇವತ್ತಿನ ಚಿಂತನೆಗೆ ವಿಷಯ ನಾನು ಆರಿಸಿದ್ದಲ್ಲ. ನಮ್ಮ ಬಳಗದ ಉಪಾಸಿಕೆಯೊಬ್ಬರು ಮೊನ್ನೆ ಗುಂಪಿನಲ್ಲಿ ಹಾಕಿದ ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇನೆ. ಬರೆಯಿರಿ, ಹೆಸರು ಮಾತ್ರ ಬೇಡ ಅಂದಿದ್ದಾರೆ. ಅವರ ಮಗಳು ಇಂಗ್ಲೆಂಡಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಸರ್ಕಾರದ ವಿದ್ಯಾರ್ಥಿವೇತನ, ಅದು ಸಾಲದ್ದಕ್ಕೆ ಬ್ಯಾಂಕಿನ ಸಾಲ, ಶನಿವಾರ ಅಂಗಡಿಯೊಂದರಲ್ಲಿ ಕೆಲಸ. ಈಗ ಅಲ್ಲಿ ಚಳಿಗಾಲ ಮುಗಿದು ವಸಂತ. ಆದರೆ ಅಲ್ಲಿಯ ವಸಂತ ನಮ್ಮ ಯುಗಾದಿಯ ವಸಂತವಲ್ಲ. ಬೆಳಿಗ್ಗೆ ನಾಲ್ಕೈದು ಡಿಗ್ರಿ, ಮಧ್ಯಾಹ್ನ ಹದಿಮೂರು ಹದಿನಾಲ್ಕು, ನಡುವೆ ಯಾವಾಗ ಬೇಕಾದರೂ ಮಳೆ. ದಪ್ಪ ಜಾಕೆಟ್ ಹಾಕಿದರೆ ಬೆವರು, ಬಿಟ್ಟರೆ ನಡುಕ. ಈ ನಡುಗಾಲಕ್ಕೆಂದೇ ಅಲ್ಲಿ ತೆಳುವಾದ ಕೋಟುಗಳನ್ನು ಮಾರುತ್ತಾರೆ. ಹುಡುಗಿ ಒಂದನ್ನು ನೋಡಿದ್ದಾಳೆ. ಮಣ್ಣಿನ ಬಣ್ಣದ್ದು, ಸೊಂಟಕ್ಕೆ ಬೆಲ್ಟು, ಮೊಣಕಾಲಿನವರೆಗೆ ಇಳಿಯುವ ಟ್ರೆಂಚ್ ಕೋಟು. ಬೆಲೆ 120 ಪೌಂಡ್. ಫೋಟೋ ಕಳಿಸಿ ತಾಯಿಯನ್ನು ಕೇಳಿದ್ದಾಳೆ: “ತಗೊಳ್ಳಲಾ ಅಮ್ಮ? ಇಲ್ಲ, ಇದು ತೃಷ್ಣೆನಾ?”

ಗುಂಪಿನಲ್ಲಿ ದಿನಾ ಬರುವ ಶುಭೋದಯದ ಕಮಲದ ಚಿತ್ರಗಳಿಗಿಂತ ಹೆಚ್ಚು ಉತ್ತರಗಳು ಈ ಒಂದು ಪ್ರಶ್ನೆಗೆ ಬಂದವು. ಹಿರಿಯರೊಬ್ಬರು ಹೇಳಿದರು: ತೃಷ್ಣೆಯೇ ದುಃಖಕ್ಕೆ ಮೂಲ, ಬೇಡವೆಂದು ಹೇಳಿ, ಓದಿನ ಕಡೆ ಗಮನ ಕೊಡಲಿ. ಯುವಕನೊಬ್ಬ ಬಾಬಾಸಾಹೇಬರು ಸೂಟಿನಲ್ಲಿರುವ ಚಿತ್ರ ಹಾಕಿ, ತಗೋ ತಂಗಿ ಅಂದ. ಎರಡಕ್ಕೂ ಹೆಬ್ಬೆಟ್ಟುಗಳು ಬಿದ್ದವು. ಕೆಲವರು ಎರಡಕ್ಕೂ ಒತ್ತಿದ್ದಾರೆ, ಅದನ್ನೂ ನೋಡಿದೆ.

ನನಗೆ ಎರಡೂ ಉತ್ತರ ಅವಸರದ್ದು ಅನ್ನಿಸಿತು. ಮೊದಲನೆಯದು ಧಮ್ಮವನ್ನು ಜಿಪುಣತನದ ಹೊದಿಕೆ ಮಾಡುತ್ತದೆ. ಎರಡನೆಯದು ಬಾಬಾಸಾಹೇಬರ ಕೋಟನ್ನು ರಿಯಾಯಿತಿ ಕೂಪನ್ ಮಾಡುತ್ತದೆ. ಹುಡುಗಿ ಕೇಳಿದ ಪ್ರಶ್ನೆ ಇವೆರಡಕ್ಕಿಂತ ಆಳದ್ದು. ಸ್ವಲ್ಪ ನಿಧಾನವಾಗಿ ನೋಡೋಣ.

ಭಿಕ್ಷುಗಳು ಚೀವರ ತೊಡುವಾಗ ಮನಸ್ಸಿನಲ್ಲಿ ಒಂದು ಮನನ ಮಾಡಿಕೊಳ್ಳುತ್ತಾರೆ. ಈ ಬಟ್ಟೆ ಯಾತಕ್ಕೆ? ಚಳಿ ತಡೆಯಲಿಕ್ಕೆ, ಸೆಕೆ ತಡೆಯಲಿಕ್ಕೆ, ನೊಣ ಸೊಳ್ಳೆ ಹರಿದಾಡುವ ಹುಳಗಳಿಂದ ಕಾಪಾಡಿಕೊಳ್ಳಲಿಕ್ಕೆ, ಗಾಳಿ ಬಿಸಿಲಿಗೆ, ಮಾನ ಮುಚ್ಚಲಿಕ್ಕೆ. ಅಂದಕ್ಕೆ ಎಂಬ ಮಾತು ಆ ಪಟ್ಟಿಯಲ್ಲಿಲ್ಲ. ಇದನ್ನೇ ಅಳತೆಗೋಲು ಮಾಡಿಕೊಂಡರೆ, 30 ಪೌಂಡಿನ ಸಾದಾ ಮಳೆಕೋಟು ಸಾಕು. ಹಾಗಾದರೆ ನಮ್ಮ ಮುಂದಿರುವ ನಿಜವಾದ ಪ್ರಶ್ನೆ ಉಳಿದ 90 ಪೌಂಡಿನದು. ಚಳಿ ತಡೆಯದ, ಮಳೆ ತಡೆಯದ, ಬರೀ ಚೆನ್ನಾಗಿ ಕಾಣಿಸುವ ಆ 90 ಪೌಂಡ್ ಯಾತಕ್ಕೆ?

ಆದರೆ ಆ ಮನನ ಭಿಕ್ಷುಗಳಿಗಾಗಿ ಇರುವಂಥದ್ದು. ಹುಡುಗಿ ಭಿಕ್ಷುಣಿಯಲ್ಲ. ಗೃಹಸ್ಥರ ಪ್ರಶ್ನೆಯನ್ನು ನೇರವಾಗಿಯೇ ಬುದ್ಧರ ಮುಂದಿಟ್ಟವನು ಕೋಲಿಯರ ದೀಘಜಾಣು. ಅಂಗುತ್ತರ ನಿಕಾಯದಲ್ಲಿ ಆ ಮಾತುಕತೆ ಇದೆ. ನಾವು ಸಂಸಾರಸ್ಥರು, ಮಕ್ಕಳುಮರಿ ಕಟ್ಟಿಕೊಂಡವರು, ಕಾಶಿಯ ಗಂಧ ಪೂಸುವವರು, ಹೂಮಾಲೆ ಹಾಕುವವರು, ಚಿನ್ನ ಬೆಳ್ಳಿ ಮುಟ್ಟುವವರು, ನಮ್ಮಂಥವರಿಗೆ ಹಿತವಾದದ್ದನ್ನು ಹೇಳಿ ಎಂದು ಅವನು ಕೇಳುತ್ತಾನೆ. ಮೊದಲು ಆ ಗಂಧ ತೊಳೆದುಕೊಂಡು ಬಾ ಎಂದು ಬುದ್ಧರು ಹೇಳಲಿಲ್ಲ. ಈ ಬದುಕಿನ ಹಿತಕ್ಕೆ ನಾಲ್ಕು ಸಂಗತಿ ಹೇಳಿದರು. ಶ್ರಮದಿಂದ ದುಡಿ, ದುಡಿದದ್ದನ್ನು ಕಾಪಾಡು, ಒಳ್ಳೆಯವರ ಸಂಗ ಮಾಡು, ಆದಾಯ ವೆಚ್ಚ ಎರಡನ್ನೂ ತಿಳಿದು ಸಮವಾಗಿ ಬಾಳು. ಕೊನೆಯದನ್ನು ಸಮಜೀವಿತ ಎನ್ನುತ್ತಾರೆ. ಅದಕ್ಕೆ ಕೊಟ್ಟ ಹೋಲಿಕೆ ತಕ್ಕಡಿ ಹಿಡಿದವನದು. ಸ್ವಲ್ಪ ಗಳಿಸಿ ಹೆಚ್ಚು ಖರ್ಚು ಮಾಡುವವನು ತಪ್ಪು, ಹೆಚ್ಚು ಗಳಿಸಿ ದರಿದ್ರನಂತೆ ಬದುಕುವವನೂ ತಪ್ಪು. ಎರಡನೆಯ ತಪ್ಪನ್ನು ನಾವು ಉಪದೇಶ ಕೊಡುವಾಗ ಮರೆತುಬಿಡುತ್ತೇವೆ.

ಸಾವತ್ಥಿಯಲ್ಲಿ ಒಬ್ಬ ಶ್ರೀಮಂತ ಸತ್ತ ಕಥೆ ಸಂಯುತ್ತ ನಿಕಾಯದಲ್ಲಿ ಬರುತ್ತದೆ. ಮಕ್ಕಳಿಲ್ಲದ್ದರಿಂದ ಅವನ ಆಸ್ತಿ ರಾಜ ಪಸೇನದಿಯ ಬೊಕ್ಕಸಕ್ಕೆ ಸೇರಿತು. ನಾಣ್ಯವೇ 80 ಲಕ್ಷ. ಅಷ್ಟಿದ್ದವನು ತಿನ್ನುತ್ತಿದ್ದದ್ದು ನುಚ್ಚಿನ ಗಂಜಿ, ಉಡುತ್ತಿದ್ದದ್ದು ಒರಟು ನಾರುಬಟ್ಟೆ, ಓಡಾಡುತ್ತಿದ್ದದ್ದು ಎಲೆ ಹೊದಿಸಿದ ಮುರುಕಲು ಬಂಡಿಯಲ್ಲಿ. ನಮ್ಮಲ್ಲಿ ಅಂಥವನನ್ನು ಸರಳಜೀವಿ ಎಂದು ಸನ್ಮಾನ ಮಾಡಿಬಿಡುತ್ತಿದ್ದರು. ಬುದ್ಧರು ಹೊಗಳಲಿಲ್ಲ. ತನಗೂ ಸುಖವಿಲ್ಲ, ತಂದೆತಾಯಿಗೂ ಇಲ್ಲ, ಆಳುಕಾಳಿಗೂ ಇಲ್ಲ, ಅಂಥ ಸಂಪತ್ತು ಯಾರೂ ಮುಟ್ಟದ ಕಾಡಿನ ಕೊಳದ ನೀರಿನಂತೆ ಹಾಳು ಎಂಬರ್ಥದ ಮಾತು ಹೇಳಿದರು. ಹರಕು ಬಟ್ಟೆ ತಾನಾಗಿಯೇ ಪುಣ್ಯ ಎಂಬ ನಂಬಿಕೆ ಬುದ್ಧರದಲ್ಲ. ಬಾಬಾಸಾಹೇಬರು ಕೂಡ, 1950ರಲ್ಲಿ ಮಹಾಬೋಧಿ ಪತ್ರಿಕೆಗೆ ಬರೆದ ಲೇಖನದಲ್ಲಿ, ಧರ್ಮವೊಂದು ಬಡತನವನ್ನು ಪವಿತ್ರ ಮಾಡಬಾರದು ಎಂಬುದನ್ನು ಒಂದು ಶರತ್ತಾಗಿಯೇ ಇಟ್ಟಿದ್ದಾರೆ.

ಈಗ ನಮ್ಮವರ ಮೈಮೇಲಿನ ಬಟ್ಟೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳದೆ ಕೋಟಿನ ಲೆಕ್ಕ ಮುಗಿಯುವುದಿಲ್ಲ.

ಬೌದ್ಧ ಭಿಕ್ಷುಗಳು ಆರಂಭದಲ್ಲಿ ತೊಡುತ್ತಿದ್ದದ್ದು ಪಾಂಸುಕೂಲ. ತಿಪ್ಪೆಯಲ್ಲಿ ಬಿದ್ದ ಚಿಂದಿ, ಸ್ಮಶಾನದಲ್ಲಿ ಬಿಟ್ಟ ಬಟ್ಟೆ, ಅದನ್ನು ತಂದು ಒಗೆದು ಹೊಲಿದು ಬಣ್ಣ ಹಾಕಿ ಉಡುವುದು. ಇನ್ನೊಂದು ಕಡೆ ಮನುಸ್ಮೃತಿಯ ಹತ್ತನೆಯ ಅಧ್ಯಾಯ ತೆಗೆದು ನೋಡಿ. ಚಂಡಾಲರು ಊರ ಹೊರಗೆ ಇರಬೇಕು, ಒಡೆದ ಪಾತ್ರೆಯಲ್ಲಿ ಉಣ್ಣಬೇಕು, ಕಬ್ಬಿಣದ ಒಡವೆ ತೊಡಬೇಕು, ಸತ್ತವರ ಬಟ್ಟೆಯನ್ನು ಉಡಬೇಕು ಎಂದಿದೆ. ಸ್ಮಶಾನದ ಬಟ್ಟೆ ಅಲ್ಲಿಯೂ ಉಂಟು, ಇಲ್ಲಿಯೂ ಉಂಟು. ಕಣ್ಣಿಗೆ ಒಂದೇ ಥರ. ಒಬ್ಬನು ಅರಮನೆಯಿಂದ ಹೊರಬಂದು ತಾನಾಗಿ ಎತ್ತಿಕೊಂಡ, ಇನ್ನೊಬ್ಬನಿಗೆ ಹುಟ್ಟುವ ಮೊದಲೇ ಬರೆದಿಟ್ಟರು. ಇರುವವನು ಬಿಟ್ಟರೆ ತ್ಯಾಗ. ಇಟ್ಟುಕೊಳ್ಳಲು ಬಿಡದೆ ಇದ್ದವನಿಗೆ ತ್ಯಾಗದ ಪಾಠ ಹೇಳುವುದು ಏನು? ಇದಕ್ಕೆ ಕನ್ನಡದಲ್ಲಿ ಒಳ್ಳೆಯ ಪದ ನನಗೆ ಹೊಳೆಯುತ್ತಿಲ್ಲ, ಹೊಳೆಯುವ ಪದ ಗುಂಪಿನಲ್ಲಿ ಹಾಕುವಂಥದ್ದಲ್ಲ.

ಮುಂದೆ ವೈದ್ಯ ಜೀವಕ ಬರುತ್ತಾನೆ. ಉಜ್ಜೇನಿಯ ರಾಜ ಪಜ್ಜೋತ ಅವನಿಗೆ ಸಿವೇಯ್ಯಕವೆಂಬ ಬಹಳ ಬೆಲೆಯ ಬಟ್ಟೆ ಕಳಿಸಿರುತ್ತಾನೆ. ಅದನ್ನು ಬುದ್ಧರಿಗೆ ಕೊಟ್ಟು, ಗೃಹಸ್ಥರು ಕೊಡುವ ಬಟ್ಟೆಯನ್ನು ಭಿಕ್ಷುಗಳೂ ತೊಡುವಂತಾಗಲಿ ಎಂದು ಕೇಳುತ್ತಾನೆ. ಬುದ್ಧರು ಒಪ್ಪಿದರು. ಚಿಂದಿ ಬೇಕಾದವನು ಚಿಂದಿ ತೊಡಲಿ, ಗೃಹಸ್ಥರು ಕೊಟ್ಟದ್ದು ಬೇಕಾದವನು ಅದನ್ನು ತೊಡಲಿ ಎಂದರು. ಎಲ್ಲರೂ ಸಾಯುವವರೆಗೆ ಚಿಂದಿಯನ್ನೇ ಉಡುವಂತೆ ನಿಯಮ ಮಾಡಬೇಕು ಎಂದು ಹಟ ಹಿಡಿದವನು ದೇವದತ್ತ. ಅವನು ತಂದ ಐದು ಬೇಡಿಕೆಗಳಲ್ಲಿ ಅದೂ ಒಂದು. ಬುದ್ಧರು ಅದನ್ನು ನಿರಾಕರಿಸಿದರು, ಅದರ ಮೇಲೆಯೇ ಸಂಘ ಒಡೆಯಲು ಅವನು ಹೊರಟ. ಸರಳತೆಯನ್ನು ಇನ್ನೊಬ್ಬರ ಮೇಲೆ ಹೇರುವಾಗ ನಾವು ಯಾರ ಸಾಲಿನಲ್ಲಿ ನಿಂತಿದ್ದೇವೆ ಎಂದು ಆ ಹಿರಿಯರು ಒಮ್ಮೆ ನೋಡಿಕೊಂಡರೆ ಒಳ್ಳೆಯದು. ಕೋಪ ಬೇಡ ಸಾರ್, ವಿಷಯಕ್ಕಾಗಿ ಹೇಳಿದೆ.

ಇದು ಎರಡೂವರೆ ಸಾವಿರ ವರ್ಷದ ಹಿಂದಿನ ಮಾತು ಮಾತ್ರವಲ್ಲ. ಜಾತಿ ವಿನಾಶ ಓದಿದವರಿಗೆ ಇಂದೋರಿನ ಬಲಾಯಿಗಳ ಪ್ರಸಂಗ ನೆನಪಿರಬಹುದು. 1928ರ ಜನವರಿಯ ಪತ್ರಿಕಾ ವರದಿಯನ್ನು ಬಾಬಾಸಾಹೇಬರು ಅಲ್ಲಿ ಕೊಟ್ಟಿದ್ದಾರೆ. ಜರಿಯಂಚಿನ ಪೇಟ ಸುತ್ತಬಾರದು, ಬಣ್ಣದಂಚಿನ ಧೋತರ ಉಡಬಾರದು, ಹೆಂಗಸರು ಒಡವೆ ಹಾಕಬಾರದು, ಅಂದದ ಲಂಗ ರವಿಕೆ ತೊಡಬಾರದು ಎಂದು ಸವರ್ಣೀಯರು ಅವರಿಗೆ ಅಪ್ಪಣೆ ಮಾಡಿದ್ದರು. ಒಪ್ಪದವರಿಗೆ ಬಾವಿ ಬಂದ್, ದನ ಮೇಯಿಸಲು ದಾರಿ ಬಂದ್. 1930ರ ಡಿಸೆಂಬರಿನಲ್ಲಿ ತಮಿಳು ಸೀಮೆಯ ರಾಮನಾಡು ಜಿಲ್ಲೆಯಲ್ಲಿ ಪ್ರಬಲ ಜಾತಿಯವರು ಆದಿದ್ರಾವಿಡರ ಮೇಲೆ ಎಂಟು ನಿಷೇಧ ಹೇರಿದರು. ಗಂಡಸರ ಬಟ್ಟೆ ಮೊಣಕಾಲಿನ ಕೆಳಗೆ ಇಳಿಯಬಾರದು ಎಂಬುದು ಒಂದು. ಕೋಟು, ಅಂಗಿ, ಬನಿಯನ್ ತೊಡಬಾರದು ಎಂಬುದು ಇನ್ನೊಂದು. ಗಮನಿಸಿ, ಕೋಟು ಎಂದು ಹೆಸರಿಟ್ಟೇ ಹೇಳಿದ್ದಾರೆ. ಅಲ್ಲಿ ಕೋಟಿನ ಬೆಲೆಯನ್ನು ದುಡ್ಡಿನಲ್ಲಿ ಎಣಿಸುತ್ತಿರಲಿಲ್ಲ.

ಈ ಇತಿಹಾಸ ಬೆನ್ನ ಹಿಂದಿರುವ ಮನೆಯ ಹುಡುಗಿ, ಮೊಣಕಾಲಿನವರೆಗೆ ಇಳಿಯುವ ಕೋಟು ಹಾಕಿಕೊಂಡು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಬೇಕೆಂದು ಆಸೆಪಟ್ಟರೆ, ಅದನ್ನು ಬರೀ ತೃಷ್ಣೆಯ ಖಾತೆಗೆ ಬರೆದು ಪುಸ್ತಕ ಮುಚ್ಚಲು ನನ್ನ ಕೈ ಬರುವುದಿಲ್ಲ. ಗಾಂಧೀಜಿ 1921ರಲ್ಲಿ ಮಧುರೆಯಲ್ಲಿ ಮೇಲಂಗಿ ಬಿಟ್ಟು ತುಂಡುಪಂಚೆಗೆ ಬಂದರು, ಹತ್ತು ವರ್ಷದ ನಂತರ ದುಂಡುಮೇಜಿನ ಪರಿಷತ್ತಿಗೂ ಹಾಗೆಯೇ ಹೋದರು. ಅದೇ ಮೇಜಿಗೆ ಬಾಬಾಸಾಹೇಬರು ಸೂಟು ತೊಟ್ಟು ಹೋದರು. ಇಬ್ಬರೂ ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆದವರೇ. ಒಬ್ಬರು ಕಳಚಿದ್ದನ್ನು ಜಗತ್ತು ಕೊಂಡಾಡಿತು. ಇನ್ನೊಬ್ಬರು ಕಳಚಿದ್ದರೆ, ಇವರು ಇರುವುದೇ ಹೀಗಲ್ಲವೇ ಎಂದು ಯಾರೂ ತಿರುಗಿ ನೋಡುತ್ತಿರಲಿಲ್ಲ.

ಹಾಗೆಂದು ತಗೋ ತಂಗಿ ಎಂದ ಯುವಕನ ಮಾತೂ ಸಲ್ಲುವುದಿಲ್ಲ. ಬಾಬಾಸಾಹೇಬರು ಬಟ್ಟೆಯ ಬಗ್ಗೆ ನಮ್ಮ ಹೆಣ್ಣುಮಕ್ಕಳಿಗೆ ನೇರವಾಗಿ ಹೇಳಿದ್ದು 1927ರ ಡಿಸೆಂಬರಿನಲ್ಲಿ, ಮಹಾಡಿನಲ್ಲಿ. ಮನುಸ್ಮೃತಿ ಸುಟ್ಟ ಎರಡು ದಿನದ ಮೇಲೆ. ಮೇಲ್ಜಾತಿಯ ಹೆಂಗಸರು ಉಡುವ ಹಾಗೆಯೇ ಸೀರೆ ಉಡಿ, ಜಾತಿ ಗುರುತಿಸಲು ಅನುವಾಗುವ ಒಡವೆಗಳನ್ನು ತೆಗೆದುಬಿಡಿ, ಬಟ್ಟೆ ಹರಿದಿದ್ದರೂ ಚಿಂತೆಯಿಲ್ಲ, ಶುಭ್ರವಾಗಿರಲಿ ಎಂಬುದು ಆ ಮಾತಿನ ಸಾರ. ಅಲ್ಲಿ ಬೆಲೆಬಾಳುವ ಸೀರೆ ಎಂಬ ಮಾತೇ ಇಲ್ಲ. ಅವರು ಕೈ ಹಾಕಿದ್ದು ಜಾತಿಯ ಗುರುತಿಗೆ. ಹರಿದದ್ದು ಒಪ್ಪಿತ, ಗುರುತು ಒಪ್ಪಿತವಲ್ಲ. ಇನ್ನು ಅವರು ಇಂಗ್ಲೆಂಡಿನಲ್ಲಿ ಓದುವಾಗ ಎಷ್ಟು ಹಿಡಿತದಲ್ಲಿ ಬದುಕಿದರು, ಪುಸ್ತಕಕ್ಕಾಗಿ ಊಟ ಕಡಿಮೆ ಮಾಡಿದರು ಎಂಬುದನ್ನು ನಾವು ಪ್ರತಿ ಏಪ್ರಿಲ್ 14ಕ್ಕೆ ಭಾಷಣದಲ್ಲಿ ಹೇಳುತ್ತೇವೆ. 1921, 22ರಲ್ಲಿ ಅವರಿದ್ದ ಕಿಂಗ್ ಹೆನ್ರಿ ರಸ್ತೆಯ 10ನೇ ನಂಬರಿನ ಮನೆಯನ್ನು 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಕೊಂಡಿದೆ. ಆ ಮನೆಯಲ್ಲಿದ್ದ ವಿದ್ಯಾರ್ಥಿಯ ಹೆಸರು ಹೇಳಿ ಕೋಟು ಕೊಳ್ಳುವುದಾದರೆ, ಆ ವಿದ್ಯಾರ್ಥಿ ಪುಸ್ತಕಕ್ಕೆ ಎಷ್ಟು, ಬಟ್ಟೆಗೆ ಎಷ್ಟು ಎಂದು ಹೇಗೆ ತೂಗುತ್ತಿದ್ದರೋ ಹಾಗೆಯೇ ತೂಗಬೇಕು.

ಇನ್ನೊಂದು ಸೂಕ್ಷ್ಮವೂ ಇದೆ. ಆ ಕೋಟು ಯಾರ ಕಣ್ಣಿಗಾಗಿ? ಟ್ರೆಂಚ್ ಕೋಟು ಹೆಸರಾದದ್ದು ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ, ಬ್ರಿಟಿಷ್ ಸೈನ್ಯದ ಅಧಿಕಾರಿಗಳ ಮೈಮೇಲೆ. ಸಾಮಾನ್ಯ ಸಿಪಾಯಿಗೆ ಸೈನ್ಯ ಕೊಟ್ಟ ಭಾರದ ಉಣ್ಣೆಕೋಟು, ಅಧಿಕಾರಿಗೆ ತನ್ನ ಹಣದಲ್ಲಿ ಕೊಂಡ ಈ ಹಗುರ ಕೋಟು. ಭುಜದ ಮೇಲೆ ಇವತ್ತಿಗೂ ಇರುವ ಆ ಪಟ್ಟಿ ಪದವಿಯ ಚಿಹ್ನೆ ಸಿಕ್ಕಿಸಲಿಕ್ಕೆ ಇದ್ದದ್ದು. ಅಂದ ಎಂದು ನಾವು ಕರೆಯುವುದರಲ್ಲಿ ಬಹುಪಾಲು ಹೀಗೆಯೇ, ಯಾರದೋ ಮೇಲು ಕೀಳಿನ ಪಳೆಯುಳಿಕೆ. ಹುಡುಗಿ ಕೋಟು ಹಾಕಿ ಕನ್ನಡಿಯ ಮುಂದೆ ನಿಂತಾಗ ನನಗೆ ಇದು ಚೆನ್ನಾಗಿದೆ ಅನ್ನಿಸಿದರೆ ಒಂದು ಥರ. ಈಗ ನನ್ನನ್ನು ಅವರು ಕೀಳಾಗಿ ಕಾಣಲಾರರು ಅನ್ನಿಸಿದರೆ ಇನ್ನೊಂದು ಥರ. ಎರಡನೆಯದಾದರೆ ಮುಂದಿನ ವರ್ಷ ಇದಕ್ಕಿಂತ ದುಬಾರಿಯದು ಬೇಕಾಗುತ್ತದೆ, ಯಾಕೆಂದರೆ ಕೀಳಾಗಿ ಕಾಣುವವನ ಕಣ್ಣಿಗೆ ಯಾವ ಕೋಟೂ ಸಾಲದು. ತೃಷ್ಣೆ ಎಂಬ ಮಾತು ಸರಿಯಾಗಿ ಒಪ್ಪುವುದು ಇಲ್ಲಿಗೆ. ಬಟ್ಟೆಯ ಆಸೆಗಲ್ಲ, ಆ ಕಣ್ಣಿನ ಒಪ್ಪಿಗೆಯ ಆಸೆಗೆ. ಇವೆರಡರಲ್ಲಿ ಯಾವುದು ಎಂದು ಹೊರಗಿನಿಂದ ನಾನು ಹೇಳಲಾರೆ. ಅವಳಿಗೆ ಗೊತ್ತಾಗುತ್ತದೆ.

ಇನ್ನು ಲೆಕ್ಕ. ಇದನ್ನು ಬಿಟ್ಟು ಬರೀ ತತ್ವ ಮಾತಾಡಿದರೆ ದೀಘಜಾಣುವಿಗೆ ಮೋಸ.

120 ಪೌಂಡ್ ಎಂದರೆ ಹದಿಮೂರು ಸಾವಿರ ರೂಪಾಯಿಗೂ ಮೇಲೆ. ತಾಯಿ ಗಾರ್ಮೆಂಟ್ಸ್ ಕೆಲಸದವರು. ಮೈಸೂರು ರಸ್ತೆಯ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಹತ್ತೊಂಬತ್ತು ವರ್ಷ. ಆ ಕೋಟು ಅವರ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ. ಮಗಳಿಗೆ? ಅಲ್ಲಿ ಗಂಟೆಗೆ ಕಾನೂನಿನ ಕನಿಷ್ಠ ಕೂಲಿಯೇ 12 ಪೌಂಡಿನ ಮೇಲಿದೆ. ಹತ್ತು ಗಂಟೆಯ ದುಡಿಮೆ. ಒಂದು ಶನಿವಾರ, ಮೇಲೆ ಸ್ವಲ್ಪ. ಅಮ್ಮನ ಒಂದು ತಿಂಗಳು, ಮಗಳ ಒಂದು ಶನಿವಾರ, ಒಂದೇ ಕೋಟು. ಹುಡುಗಿಯ ಪ್ರಶ್ನೆಯೊಳಗಿನ ಮುಳ್ಳು ಇದೇ ಎಂದು ನನ್ನ ಎಣಿಕೆ. ಪೌಂಡಿನಲ್ಲಿ ಎಣಿಸಿದರೆ ತಗೊಳ್ಳಬಹುದು. ರೂಪಾಯಿಯಲ್ಲಿ ಎಣಿಸಿದರೆ ಅಮ್ಮನ ಬೆನ್ನು ಕಾಣಿಸುತ್ತದೆ.

ಯಾವುದರಲ್ಲಿ ಎಣಿಸಬೇಕು? ತಕ್ಕಡಿ ಒಂದೇ ಆಗಿರಬೇಕು ಎಂಬುದು ಸಮಜೀವಿತದ ಸರಳ ಅರ್ಥ. ಪೌಂಡಿನಲ್ಲಿ ದುಡಿದದ್ದನ್ನು ಪೌಂಡಿನಲ್ಲೇ ಖರ್ಚು ಮಾಡುವಾಗ, ಪ್ರತಿ ಬ್ರೆಡ್ಡಿಗೂ ರೂಪಾಯಿ ಲೆಕ್ಕ ಹಾಕಿದರೆ ಆ ಮಗು ಅಲ್ಲಿ ಉಪವಾಸ ಬೀಳುತ್ತಾಳೆ. ಆದರೆ ಅವಳ ಬ್ಯಾಂಕಿನ ಸಾಲ ರೂಪಾಯಿಯಲ್ಲಿದೆ, ಅದನ್ನೂ ಮರೆಯುವಂತಿಲ್ಲ. ಸಿಂಗಾಲನಿಗೆ ಬುದ್ಧರು ಹೇಳಿದ ಹಂಚಿಕೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಗಳಿಕೆಯನ್ನು ನಾಲ್ಕು ಭಾಗ ಮಾಡಿ ಒಂದು ಭಾಗ ಅನುಭವಕ್ಕೆ, ಎರಡು ಭಾಗ ಉದ್ಯೋಗಕ್ಕೆ, ಒಂದು ಭಾಗ ಕಷ್ಟಕಾಲಕ್ಕೆ. ಊಟ ಬಾಡಿಗೆ ವಿದ್ಯಾರ್ಥಿವೇತನದಲ್ಲಿ ನಡೆಯುತ್ತದೆಯಂತೆ. ತಿಂಗಳಿಗೆ ನಾಲ್ಕು ಶನಿವಾರ, ದಿನಕ್ಕೆ ಎಂಟು ಗಂಟೆ, ಒಟ್ಟು 32 ಗಂಟೆ. ಗಂಟೆಗೆ 12ರಂತೆ 384 ಪೌಂಡ್. ಅದರ ಕಾಲು ಭಾಗ 96. ಕೋಟಿಗೆ ಇನ್ನೂ 24 ಕಡಿಮೆ. ಅಂದರೆ ಮುಂದಿನ ತಿಂಗಳ ಮೊದಲ ವಾರ ಕಾದರೆ, ಉಳಿದ ಮೂರು ಭಾಗ ಮುಟ್ಟದೆ ಕೋಟು ಅವಳದಾಗುತ್ತದೆ. ಓದಿಗೆ ಹೋಗಬೇಕಾದ್ದು ಓದಿಗೆ, ಕಷ್ಟಕ್ಕೆ ಇಡಬೇಕಾದ್ದು ಕಷ್ಟಕ್ಕೆ. ಅಮ್ಮನ ಒಂದು ತಿಂಗಳನ್ನೂ ಯಾರೂ ಮುಟ್ಟಲಿಲ್ಲ.

ಅವಳು ಕಳಿಸಿದ ಫೋಟೋದಲ್ಲಿ ಬೆಲೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಮೂರು ಕಂತು, ತಲಾ 40, ಬಡ್ಡಿಯಿಲ್ಲ. ಇದಕ್ಕೆ ಮಾತ್ರ ನನ್ನ ಉತ್ತರ ಖಡಾಖಂಡಿತ: ಬೇಡ. ಗೃಹಸ್ಥನ ನಾಲ್ಕು ಸುಖಗಳನ್ನು ಬುದ್ಧರು ಅನಾಥಪಿಂಡಿಕನಿಗೆ ಎಣಿಸಿ ಹೇಳಿದ್ದಾರೆ. ಇದೆ ಎಂಬ ಸುಖ, ಅನುಭವಿಸುವ ಸುಖ, ಸಾಲವಿಲ್ಲದ ಸುಖ, ತಪ್ಪಿಲ್ಲದ ಸುಖ. ಕಂತಿನಲ್ಲಿ ಕೊಂಡ ಕೋಟು ಮೂರನೆಯದನ್ನು ಮಾರಿ ಎರಡನೆಯದನ್ನು ತರುತ್ತದೆ. ಓದಿನ ಸಾಲ ಬೇರೆ, ಅದು ನಾಳೆಯ ದುಡಿಮೆಯ ಬೀಜ. ಸಾಲಕ್ಕೆ ಜೀತ ಬಿದ್ದ ಮನೆಗಳಿಂದ ಬಂದವರು ನಾವು. ಬಡ್ಡಿಯಿಲ್ಲ ಎಂದು ನಗುತ್ತಾ ಬರುವ ಸಾಲವನ್ನು ನಮಗಿಂತ ಚೆನ್ನಾಗಿ ಯಾರು ಗುರುತಿಸಬೇಕು?

ಇಷ್ಟು ಚರ್ಚೆಯಾಗುವಾಗ ಗುಂಪಿನಲ್ಲಿ ಮತ್ತೊಬ್ಬರು ಹೊಸ ದಾರಿ ತೋರಿಸಿದರು. ಅಲ್ಲಿ ದಾನದ ಅಂಗಡಿಗಳಿವೆ, ಜನ ಉಟ್ಟು ಕೊಟ್ಟದ್ದನ್ನು ಮಾರುತ್ತಾರೆ, ಅಂಥದೇ ಕೋಟು 25 ಪೌಂಡಿಗೆ ಸಿಗುತ್ತದೆ, ಪ್ರೊಫೆಸರುಗಳೂ ಅಲ್ಲೇ ಕೊಳ್ಳುತ್ತಾರೆ ಎಂದು. ಮಾತು ನಿಜ. ಭೂಮಿಗೂ ಒಳ್ಳೆಯದು, ಜೇಬಿಗೂ ಒಳ್ಳೆಯದು. ತಾಯಿ ಅದಕ್ಕೆ ಉತ್ತರ ಬರೆಯಲಿಲ್ಲ. ಧ್ವನಿಸಂದೇಶ ಕಳಿಸಿದರು, ಒಂಬತ್ತು ಸೆಕೆಂಡಿನದು: “ಬಿಟ್ಟ ಬಟ್ಟೆ ನಮ್ಮವ್ವನ ಕಾಲಕ್ಕೇ ಸಾಕಾಯ್ತು ಸಾರ್.”

ಆಮೇಲೆ ಗುಂಪು ಸ್ವಲ್ಪ ಹೊತ್ತು ಸುಮ್ಮನಿತ್ತು. ಧಣಿಗಳ ಮನೆಯ ಹಿತ್ತಿಲ ಬಾಗಿಲಲ್ಲಿ ಕೈಗೆ ತಾಗದ ಹಾಗೆ ಎಸೆದ ಹಳೆ ಸೀರೆಯನ್ನು ಸೆರಗಿನಲ್ಲಿ ಹಿಡಿದವರ ಮಕ್ಕಳು, ಮೊಮ್ಮಕ್ಕಳು ಈ ಗುಂಪಿನಲ್ಲಿ ಬಹಳ ಜನ ಇದ್ದೀರಿ. ಪ್ರೊಫೆಸರಿಗೆ ಅದು ಹಳೆಯ ಕೋಟು. ನಮಗೆ ಅದು ಹಿತ್ತಿಲ ಬಾಗಿಲು. ವಸ್ತು ಒಂದೇ ಆದರೂ ಬೆಲೆ ಒಂದಲ್ಲ. 25 ಪೌಂಡಿನ ಕೋಟು ಕೆಲವರಿಗೆ 120 ಪೌಂಡಿನದಕ್ಕಿಂತ ದುಬಾರಿ.

ನನ್ನ ಅಭಿಪ್ರಾಯ ಹೇಳುವುದಾದರೆ, ದಾನದ ಅಂಗಡಿಯ ಗಲ್ಲಾದಲ್ಲಿ ಹಣ ಕೊಟ್ಟು, ರಸೀದಿ ಪಡೆದು, ಬೇಕಾದ್ದನ್ನು ಆರಿಸಿ, ಬೇಡವಾದ್ದನ್ನು ತಳ್ಳಿ ತರುವ ಬಟ್ಟೆ, ಎಸೆದ ಬಟ್ಟೆಯಲ್ಲ. ಅಲ್ಲಿ ಯಾರೂ ಕೇರಿ ಕೇಳುವುದಿಲ್ಲ. ಪಾಂಸುಕೂಲ ತೊಟ್ಟ ಭಿಕ್ಷುವಿನ ಕೈ ಚಾಚಿದ ಕೈಯಲ್ಲ, ಎತ್ತಿಕೊಂಡ ಕೈ. ಮಗಳಿಗೆ ಇಲ್ಲಿ ಅಳುಕಿಲ್ಲದಿದ್ದರೆ, ಅವಳ ತಲೆಮಾರಿಗೆ ಅಷ್ಟು ಬಿಡುಗಡೆ ಸಿಕ್ಕಿದೆ ಎಂದು ನಾನು ಸಂತೋಷಪಡುತ್ತೇನೆ. ಅಳುಕಿದ್ದರೆ ಅದನ್ನು ಗೆದ್ದು ತೋರಿಸಬೇಕಾದ ಹೊಣೆ ಅವಳ ಮೇಲಿಲ್ಲ. ಹೊಸದನ್ನೇ ಕೊಳ್ಳಲಿ. ಅಜ್ಜಿಯ ನೋವಿಗೆ ಮರ್ಯಾದೆ ಕೊಡಲು 95 ಪೌಂಡ್ ಹೆಚ್ಚು ಖರ್ಚಾದರೆ ಅದನ್ನು ದುಂದು ಎನ್ನಲಾರೆ. ಯಾವುದನ್ನು ಕೊಂಡರೂ ಅವಳೇ ಆರಿಸಲಿ. ಸಲಹೆ ಕೊಟ್ಟವರು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು, ಆದರೆ ಅದನ್ನು ಇನ್ನು ಒತ್ತಾಯಿಸುವುದು ಬೇಡ.

ತಾಯಿ ಇನ್ನೂ ಒಂದು ಕೆಲಸ ಮಾಡಿದ್ದಾರೆ, ಅದು ನಮ್ಮ ಎಲ್ಲ ಸುತ್ತಗಳಿಗಿಂತ ಉಪಯೋಗದ್ದು. ಮಗಳಿಗೆ, ಹೊರಗಿನ ಫೋಟೋ ಸಾಕು, ಕೋಟನ್ನು ತಿರುವಿ ಒಳಗಿನ ಫೋಟೋ ಕಳಿಸು ಅಂದಿದ್ದಾರೆ. ಹೊಲಿಗೆ ಒತ್ತಾಗಿದೆಯೇ ಬಿಡಿಬಿಡಿಯಾಗಿದೆಯೇ, ಒಳಗಿನ ಅಂಚಿಗೆ ಪಟ್ಟಿ ಸುತ್ತಿದ್ದಾರೋ ಬರೀ ಓವರ್‌ಲಾಕ್ ಹೊಡೆದು ಬಿಟ್ಟಿದ್ದಾರೋ, ಕಂಕುಳಲ್ಲಿ ಲೈನಿಂಗ್ ಸಡಿಲ ಇಟ್ಟಿದ್ದಾರೋ ಬಿಗಿದಿದ್ದಾರೋ, ಬಿಗಿದಿದ್ದರೆ ಮೊದಲು ಹರಿಯುವುದು ಅಲ್ಲೇ, ಗುಂಡಿಯ ಹಿಂದೆ ಪುಟ್ಟ ಗುಂಡಿ ಕೊಟ್ಟಿದ್ದಾರೋ, ಕಾಲರಿನ ಕೆಳಗಿನ ಬಟ್ಟೆ ಮೇಲಿನದೇ ಜಾತಿಯದೋ. ಹೀಗೆ ಪಟ್ಟಿ ಮಾಡಿ ಹೇಳಿದ್ದಾರೆ. (ಜಾತಿ ಎಂಬ ಪದ ಬಟ್ಟೆಗೆ ಮಾತ್ರ ಉಳಿದರೆ ಎಷ್ಟು ಚೆನ್ನ.) ಇವೆಲ್ಲ ಸರಿಯಿದ್ದರೆ ಐದು ವಸಂತ, ಐದು ಶರತ್ಕಾಲ ಬಾಳುತ್ತದೆ, ಬೆಲೆ ಬಾಳುತ್ತದೆ. ಇಲ್ಲದಿದ್ದರೆ ಆ 90 ಪೌಂಡ್ ಲೇಬಲ್ಲಿಗೆ ಕೊಟ್ಟ ಹಾಗೆ. ವರ್ಷಕ್ಕೆ ಅರವತ್ತು ದಿನ ಹಾಕಿದರೆ ಐದು ವರ್ಷಕ್ಕೆ ಮುನ್ನೂರು ದಿನ, ದಿನಕ್ಕೆ 40 ಪೆನ್ಸ್. ಈ ದಿನದ ಲೆಕ್ಕ ಬಹಳ ಹಿತವಾದದ್ದು, ಆದರೆ ಎಚ್ಚರ, ಇದೇ ಲೆಕ್ಕ ಹಾಕಿ ಕಾರನ್ನೂ ಸಮರ್ಥಿಸಬಹುದು.

ಆ ಲೇಬಲ್ಲಿನಲ್ಲಿ ಯಾವ ದೇಶದ ಹೆಸರಿದೆ ಎಂದೂ ತಾಯಿ ಕೇಳಿದ್ದಾರಂತೆ. ಇಂಡಿಯಾ ಎಂದಿದ್ದರೆ ಅದು ಪೀಣ್ಯದಲ್ಲೋ ಮೈಸೂರು ರಸ್ತೆಯಲ್ಲೋ ಬೊಮ್ಮನಹಳ್ಳಿಯಲ್ಲೋ ಹೊಲಿದದ್ದೂ ಆಗಿರಬಹುದು. 2016ರ ಏಪ್ರಿಲಿನಲ್ಲಿ ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಬೆಂಗಳೂರಿನ ರಸ್ತೆಗಿಳಿದು, ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಳ್ಳುವಂತೆ ಮಾಡಿದ ಹೆಣ್ಣುಮಕ್ಕಳ ಕೈ ಅದರ ಮೇಲೆ ಆಡಿರಬಹುದು. 120 ಪೌಂಡಿನಲ್ಲಿ ಆ ಕೈಗೆ ಎಷ್ಟು ಬಂತು ಎಂಬುದು ಲೇಬಲ್ಲಿನಲ್ಲಿ ಇರುವುದಿಲ್ಲ. ಈ ಪ್ರಶ್ನೆಯನ್ನು ಕೋಟು ಕೊಳ್ಳುವ ಒಬ್ಬ ಹುಡುಗಿಯ ಹೆಗಲಿಗೆ ಹಾಕುವುದು ಸರಿಯಲ್ಲ, ಅದು ಸಂಘಟನೆಯ ಕೆಲಸ. ಆದರೂ ಕೇಳಿಟ್ಟುಕೊಳ್ಳಲಿ.

ಕೊಂಡ ಮೇಲೆ ಏನು ಎಂಬುದಕ್ಕೂ ಒಂದು ಕಥೆ ಇದೆ. ಕೋಸಂಬಿಯ ರಾಜ ಉದೇನನ ರಾಣಿಯರು ಆನಂದರಿಗೆ 500 ಮೇಲುಹೊದಿಕೆ ಕೊಟ್ಟುಬಿಡುತ್ತಾರೆ. ಇವರೇನು ಬಟ್ಟೆ ಅಂಗಡಿ ಇಡುತ್ತಾರೋ ಎಂದು ರಾಜನಿಗೆ ಸಂಶಯ. ಬಂದು ಕೇಳುತ್ತಾನೆ. ಚೀವರ ಹರಿದ ಭಿಕ್ಷುಗಳಿಗೆ ಹಂಚುತ್ತೇವೆ ಎನ್ನುತ್ತಾರೆ ಆನಂದರು. ಹಳೆಯದನ್ನು? ಹಾಸಿಗೆಯ ಹೊದಿಕೆ ಮಾಡುತ್ತೇವೆ. ಅದು ಹಳತಾದರೆ? ದಿಂಬು ಹಾಸಿನ ಗವಸು. ಆಮೇಲೆ? ನೆಲಹಾಸು. ಆಮೇಲೆ ಕಾಲೊರಸು, ಆಮೇಲೆ ಧೂಳೊರಸು. ಅದೂ ಚಿಂದಿಯಾದರೆ? ಕತ್ತರಿಸಿ ಮಣ್ಣಿನಲ್ಲಿ ಕಲಸಿ ಗೋಡೆ ನೆಲಕ್ಕೆ ಮೆತ್ತುತ್ತೇವೆ. ರಾಜ ಸಂತೋಷಪಟ್ಟು ಇನ್ನೂ 500 ಕೊಟ್ಟ.

ಬರುವ ಭಾನುವಾರ ವಿಹಾರದಲ್ಲಿ ಸಿಂಗಾಲ ಸುತ್ತದ ಹಂಚಿಕೆಯ ಭಾಗ ಓದುತ್ತೇವೆ, ಬೆಳಿಗ್ಗೆ ಹತ್ತಕ್ಕೆ. ತಿಂಗಳ ಆದಾಯ ಖರ್ಚು ಬರೆದ ಹಾಳೆ ಎಲ್ಲರೂ ತನ್ನಿ, ಯಾರೂ ಯಾರದ್ದನ್ನೂ ನೋಡುವುದಿಲ್ಲ. ಓದು ಮುಗಿದ ಮೇಲೆ ಗಾರ್ಮೆಂಟ್ಸ್‌ಗೆ ಹೋಗುವ ನಮ್ಮ ಮೂವರು ಉಪಾಸಿಕೆಯರು ಅರ್ಧ ಗಂಟೆ ಬಟ್ಟೆಯನ್ನು ಒಳಗಡೆಯಿಂದ ನೋಡುವುದು ಹೇಗೆ ಎಂದು ತೋರಿಸಿಕೊಡಲು ಒಪ್ಪಿದ್ದಾರೆ. ಮನೆಯಲ್ಲಿರುವ ಒಂದು ಅಂಗಿಯನ್ನೋ ಕೋಟನ್ನೋ ತನ್ನಿ, ಹಳೆಯದಾದರೂ ಪರವಾಗಿಲ್ಲ.

ಭವತು ಸಬ್ಬ ಮಂಗಲಂ 🙏
ಜೈ ಭೀಮ್ 💙